ಅಡಿಕೆ ತೋಟದ ಗುಳಿಮಂಡಲ: ನಾವು ಕೆಲಸದ ಕ್ರಮ ಬದಲಿಸಿದ್ದು

ನಮ್ಮ ತೋಟ ಸುಳ್ಯದ ಕಡೆ, ಘಟ್ಟದ ಬುಡದಲ್ಲಿ. ಮೇಲಿನ ಬರೆ (ಮಣ್ಣಿನ ದಿಣ್ಣೆ) ದಾಟಿದರೆ ಕಾಡೇ. ಹಾವು ನಮಗೆ ಹೊಸತಲ್ಲ. ಕೇರೆ ಹಾವು ನಮ್ಮ ಹೆಜ್ಜೆ ಸದ್ದಿಗೇ ಓಡುತ್ತದೆ, ನಾಗರಹಾವೂ ಹೆಚ್ಚಾಗಿ ದಾರಿ ಬಿಡುತ್ತದೆ. ತಲೆಬಿಸಿ ಇರುವುದು ಉಬ್ಬು ಮೂಗಿನ ಗುಳಿಮಂಡಲದ್ದು. ಅದು ಜಾಗ ಬಿಟ್ಟು ಕದಲುವುದೇ ಇಲ್ಲ.

ಉದ್ದ ಸಾಮಾನ್ಯವಾಗಿ 30ರಿಂದ 45 ಸೆಂಟಿಮೀಟರ್, ಅಷ್ಟೇ. ಒಣಗಿದ ಹಲಸಿನ ಎಲೆಯ ಬಣ್ಣ, ಬೆನ್ನಿನ ಎರಡೂ ಬದಿ ಸಾಲಾಗಿ ಕಪ್ಪು ತ್ರಿಕೋನದ ಮಚ್ಚೆ. ಸುರುಳಿ ಸುತ್ತಿ ಕೂತಾಗ ತಲೆಯನ್ನು ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ ಎತ್ತಿಟ್ಟಿರುತ್ತದೆ. ಮೂಗಿನ ತುದಿಯೂ ಮೇಲಕ್ಕೆ. ತರಗೆಲೆ ರಾಶಿಯಲ್ಲಿ ಈಗ ನನ್ನ ಕಣ್ಣು ಮೊದಲು ಹುಡುಕುವುದು ಆ ಓರೆಯನ್ನೇ. ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಒಂದು ಸಣ್ಣ ಗುಳಿ ಇದೆ. ಬಿಸಿ ಗೊತ್ತಾಗುವುದು ಅದರಿಂದ. ಕತ್ತಲಲ್ಲಿ ನಮಗೆ ಅದು ಕಾಣದಿದ್ದರೂ ನಮ್ಮ ಕೈ ಅದಕ್ಕೆ ತಿಳಿಯುತ್ತದೆ.

"ಅಕ್ಕಾ, ಇಷ್ಟು ಸಣ್ಣದು, ವಿಷ ಎಷ್ಟಿದ್ದೀತು?" ಅಂತ ಕೆಲಸಕ್ಕೆ ಬರುವವರು ಕೇಳುತ್ತಾರೆ. ಕೆಲವರಿಗೆ ಇದು ಕೊಳಕುಮಂಡಲದ ಮರಿ. ಕಡಿದರೆ ನೋವು, ಬಾವು ಬರುವುದೇ ಹೆಚ್ಚು. ಆದರೆ ಕೆಲವರಿಗೆ ರಕ್ತ ಹೆಪ್ಪುಗಟ್ಟುವುದು ನಿಂತುಹೋಗುತ್ತದೆ, ಕಿಡ್ನಿ ಕೈಕೊಡುತ್ತದೆ. ನಮ್ಮ ದೇಶದಲ್ಲಿ ಸಿಗುವ ಹಾವಿನ ವಿಷದ ಔಷಧ ತಯಾರಾಗುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ. ಇದಕ್ಕೆ ಅದು ನಾಟುವುದಿಲ್ಲ. ಕೇರಳದಲ್ಲಿ ಇದನ್ನು ಗರಗಸ ಮಂಡಲ ಅಂದುಕೊಂಡು ಆ ಔಷಧ ಕೊಟ್ಟು ಉಪಯೋಗವಾಗದ ಪ್ರಕರಣಗಳನ್ನು ವೈದ್ಯರು 2007ರಲ್ಲಿ ಬರೆದಿದ್ದಾರೆ. ಶ್ರೀಲಂಕಾದಲ್ಲಂತೂ ವಿಷದ ಹಾವಿನ ಕಡಿತಗಳಲ್ಲಿ ದೊಡ್ಡ ಪಾಲು ಇದರ ಜಾತಿಯದ್ದೇ. ಹಾಗಾಗಿ ಕಡಿಸಿಕೊಳ್ಳದೆ ಇರುವುದಕ್ಕೇ ನಮ್ಮ ಪೂರ್ತಿ ಗಮನ.

ಮೊದಲು ಬದಲಾದದ್ದು ಅಡಿಕೆ ಹೆಕ್ಕುವ ರೀತಿ. ಬಿದ್ದ ಅಡಿಕೆಗೆ ಯಾರೂ ಸೀದಾ ಕೈ ಹಾಕುವಂತಿಲ್ಲ. ಎಡಗೈಯಲ್ಲಿ ಒಂದು ಉದ್ದ ಕೋಲು, ಎಲೆ ಸರಿಸಿ ನೋಡಿ ಆಮೇಲೆ ಹೆಕ್ಕುವುದು. ಸುರುವಿಗೆ ಎಲ್ಲರಿಗೂ ಕಿರಿಕಿರಿ. ಕೆಲಸ ನಿಧಾನ ಆಗುತ್ತದೆ, ಸುಳ್ಳಲ್ಲ. ಬಿದ್ದ ಸೋಗೆಯನ್ನು ಕೊಕ್ಕೆಯಿಂದ ಎಳೆಯುತ್ತೇವೆ. ಹಾಳೆಯನ್ನು ಬೂಟಿನ ತುದಿಯಲ್ಲಿ ಮಗುಚಿ ನೋಡುತ್ತೇವೆ. ಗಂಬೂಟು ಎಲ್ಲರಿಗೂ ಕಡ್ಡಾಯ. ಸೆಕೆ ಅಂತ ಬೈಯುತ್ತಾರೆ, ಬೈಯಲಿ.

ಎರಡನೆಯದು ಸೊಪ್ಪು, ತರಗೆಲೆ. ಮೊದಲು ಮರದ ಬುಡಕ್ಕೇ ರಾಶಿ ಹಾಕುತ್ತಿದ್ದೆವು. ಈಗ ನಾಲ್ಕು ಮರಗಳ ನಡುವೆ ಹಾಕಿ, ಬುಡದ ಸುತ್ತ ಒಂದು ಮೊಳ ಖಾಲಿ ಬಿಡುತ್ತೇವೆ. ಅಡಿಕೆ ಜಾಸ್ತಿ ಬೀಳುವುದು ಅಲ್ಲೇ ಅಲ್ವಾ. ತರಗೆಲೆ ಪೂರ್ತಿ ತೆಗೆದುಬಿಡಿ ಅನ್ನುವವರೂ ಇದ್ದಾರೆ. ತೆಗೆದರೆ ಬೇಸಿಗೆಯಲ್ಲಿ ನೆಲ ಒಣಗುತ್ತದೆ, ನನಗದು ಒಪ್ಪಿಗೆಯಿಲ್ಲ.

ಸಂಜೆ ಆದ ಮೇಲೆ ಪಂಪು ಹಾಕಲು ಹೋಗುವವರು ಟಾರ್ಚನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸಿ ಹಿಡಿಯಬೇಕು. ಬೆಳಕು ಅಡ್ಡಡ್ಡ ಬಿದ್ದರೆ ಸುರುಳಿಗೆ ನೆರಳು ಬರುತ್ತದೆ. ಮೇಲಿಂದ ಬಿಟ್ಟರೆ ಎಲೆಯೂ ಹಾವೂ ಒಂದೇ.

ಮಳೆಗಾಲದಲ್ಲಿ ಒಮ್ಮೆ ನೀರು ಹರಿಯುವ ಕಣಿಯ ಬದಿಯಲ್ಲಿ ಒಂದು ಮರಿ ಕೂತಿತ್ತು. ಬಾಲದ ತುದಿ ಮಾತ್ರ ತಿಳಿ ಹಳದಿ. ಅದನ್ನು ತಲೆಯ ಹತ್ತಿರ ಎತ್ತಿ ಹುಳದ ಹಾಗೆ ಆಡಿಸುತ್ತಿತ್ತು. ಕಪ್ಪೆ, ಅರಣೆ ಹತ್ತಿರ ಬರಲಿ ಅಂತ ಹೂಡುವ ಆಟ. ಉಳಿದ ಮೈ ಕಲ್ಲು. ನಾನು ದೂರದಿಂದ ತುಂಬಾ ಹೊತ್ತು ನೋಡಿದೆ, ಕಪ್ಪೆ ಒಂದೂ ಬರಲಿಲ್ಲ.

ಕೊಲ್ಲುವುದು ಬೇಡ ಅಂತ ನಾನು ಹೇಳಿದ್ದೇನೆ. ಹೊಡೆಯಲು ಹೋದರೆ ಕಡಿಸಿಕೊಳ್ಳುವ ಅಪಾಯವೂ ಇದೆ. ಹಾವು ಕಂಡ ಮರಕ್ಕೆ ಗೊಬ್ಬರದ ಬಿಳಿ ಚೀಲದ ಒಂದು ಪಟ್ಟಿ ಕಟ್ಟುತ್ತೇವೆ. ಆ ಬುಡದ ಕಡೆ ಅವತ್ತು ಯಾರೂ ಹೋಗುವುದಿಲ್ಲ. ಮರುದಿನ ನೋಡಿದರೆ ಕೆಲವೊಮ್ಮೆ ಅಲ್ಲೇ, ಅದೇ ಎಲೆಯ ಪಕ್ಕ ಇರುತ್ತದೆ. ಪಟ್ಟಿ ಬಿಚ್ಚುವ ಕೆಲಸ ನನ್ನದು.

ಪಂಪುಶೆಡ್ಡಿನ ಬಾಗಿಲಿಗೆ ಇದರ ಫೋಟೋ ಅಂಟಿಸಿದ್ದೇವೆ, ಕೆಳಗೆ ಡಯಾಲಿಸಿಸ್ ಇರುವ ಹತ್ತಿರದ ಆಸ್ಪತ್ರೆಯ ನಂಬರು. ಕಟ್ಟು ಬಿಗಿಯುವುದು, ಕೊಯ್ಯುವುದು ಯಾವುದೂ ಇಲ್ಲ. ಕಡಿದ ಕೈಕಾಲು ಅಲ್ಲಾಡಿಸದೆ ಸೀದಾ ಗಾಡಿ ಹತ್ತಿಸುವುದು. ಸಾಧ್ಯವಾದರೆ ದೂರದಿಂದ ಹಾವಿನ ಒಂದು ಫೋಟೋ.