ಬ್ಯಾಂಕಾಕ್‌ಗೆ ಹೊಸಬರಾ? ಆದಷ್ಟು ರಸ್ತೆ ಬಿಟ್ಟು ಓಡಾಡಿ

ಬ್ಯಾಂಕಾಕ್‌ನಲ್ಲಿ ಮನೆ ಹುಡುಕುವಾಗ ಬಾಡಿಗೆ, ಬಾಲ್ಕನಿ ಎಲ್ಲ ಆಮೇಲೆ ನೋಡಿ. ಮೊದಲು ಬಿಟಿಎಸ್ (ರಸ್ತೆಯ ಮೇಲೆ ಎತ್ತರದಲ್ಲಿ ಓಡುವ ರೈಲು) ಅಥವಾ ಎಂಆರ್‌ಟಿ (ಮೆಟ್ರೊ) ಸ್ಟೇಷನ್‌ಗೆ ನಡೆದು ಹೋಗಬಹುದಾ ಅಂತ ಕೇಳಿ. ಹೋಗಬಹುದು ಅಂದರೆ ಅರ್ಧ ತಲೆನೋವು ಕಳೆದ ಹಾಗೆ.

ಇಲ್ಲಿ ಟ್ರಾಫಿಕ್ ಈ ಪರಿ ಕಟ್ಟಿಕೊಳ್ಳುವುದಕ್ಕೆ ಸೋಯಿಗಳೂ ಕಾರಣ. ದೊಡ್ಡ ರಸ್ತೆಯಿಂದ ಒಳಗೆ ಹೋಗುವ ಗಲ್ಲಿಗಳಿವು, ಎಷ್ಟೋ ಸೋಯಿಗಳು ಉದ್ದಕ್ಕೆ ಹೋಗಿ ಅಲ್ಲೇ ಮುಗಿದುಬಿಡುತ್ತವೆ, ಹಾಗಾಗಿ ಪಕ್ಕದ ಸೋಯಿಗೆ ಹೋಗಬೇಕಾದರೂ ಕಾರು ಮತ್ತೆ ದೊಡ್ಡ ರಸ್ತೆಗೇ ಬರಬೇಕು. ನಂಬರ್ ನೋಡಿಯೂ ಮೋಸ ಹೋಗಬೇಡಿ. ಸುಖುಮ್‌ವಿತ್ ರಸ್ತೆಯ ಒಂದು ಕಡೆ ಬೆಸ ಸಂಖ್ಯೆ, ಇನ್ನೊಂದು ಕಡೆ ಸಮ ಸಂಖ್ಯೆ, ಆದರೆ ಥಾಂಗ್ ಲೋ ಅನ್ನುವ ಸೋಯಿ 55ರ ಎದುರಿಗೆ ಸಿಗುವುದು 38!

ಬಿಟಿಎಸ್ 1999ರಲ್ಲಿ ಶುರುವಾಯಿತು, ಎಂಆರ್‌ಟಿ 2004ರಲ್ಲಿ. ಎರಡಕ್ಕೂ ಟಿಕೆಟ್ ಬೇರೆ ಬೇರೆ. ಬಿಟಿಎಸ್‌ಗೆ ದುಡ್ಡು ತುಂಬಿಸಿ ಬಳಸುವ ರ್‍ಯಾಬಿಟ್ ಕಾರ್ಡ್ ಮಾಡಿಸಿ, ಪಾಸ್‌ಪೋರ್ಟ್ ಕೇಳುತ್ತಾರೆ. ಎಂಆರ್‌ಟಿ ಗೇಟಿನಲ್ಲಿ ಕಾಂಟ್ಯಾಕ್ಟ್‌ಲೆಸ್ ಬ್ಯಾಂಕ್ ಕಾರ್ಡ್ ಮುಟ್ಟಿಸಿದರೂ ಸಾಕು. ಬಿಟಿಎಸ್‌ನ ಅಸೋಕ್‌ನಲ್ಲಿ ಇಳಿದರೆ ಎಂಆರ್‌ಟಿಯ ಸುಖುಮ್‌ವಿತ್ ಸ್ಟೇಷನ್ ಪಕ್ಕದಲ್ಲೇ ಇದೆ. ಸಂಜೆ ಹೊತ್ತು ಕಾಲಿಡಲೂ ಜಾಗ ಇರಲ್ಲ, ಆದರೂ ರೈಲು ಮುಂದೆ ಹೋಗುತ್ತೆ ಅಲ್ವಾ, ಕೆಳಗಿನ ಕಾರುಗಳು ಅದೂ ಇಲ್ಲ.

ಹಳೇ ಊರಿಗೆ ಹೋಗುವುದಾದರೆ ದೋಣಿ ಹಿಡಿಯಿರಿ. ಹೊಸಬರು ಇದನ್ನು ಟೂರಿಸ್ಟ್‌ಗಳ ಮೋಜು ಅಂದುಕೊಂಡು ಬಿಟ್ಟುಬಿಡುತ್ತಾರೆ, ನನಗಂತೂ ಈ ಊರಿನಲ್ಲಿ ಇದಕ್ಕಿಂತ ಒಳ್ಳೆಯ ಸವಾರಿ ಇನ್ನೊಂದಿಲ್ಲ. ಬಿಟಿಎಸ್‌ನ ಸಫಾನ್ ತಕ್ಸಿನ್‌ನಲ್ಲಿ ಇಳಿದರೆ ಕೆಳಗೇ ಸಾಥೋನ್ ದೋಣಿಕಟ್ಟೆ ಇದೆ, ಅಲ್ಲಿಂದ ಚಾವೊ ಫ್ರಾಯ ನದಿಯ ಮೇಲೆ ಅರಮನೆಯ ಹತ್ತಿರದವರೆಗೂ ಹೋಗಬಹುದು. ದೋಣಿಯ ಬಾವುಟದ ಬಣ್ಣ ನೋಡಿಯೇ ಹತ್ತಿ, ಎಲ್ಲ ದೋಣಿಗಳೂ ಎಲ್ಲ ಕಡೆ ನಿಲ್ಲಲ್ಲ. ಊರಿನ ಮಧ್ಯೆ ಸೆನ್ ಸೆಪ್ ಕಾಲುವೆಯ ದೋಣಿಯೂ ಇದೆ. ನೀರು ಕೊಳಕು, ದೋಣಿ ನಿಲ್ಲುವುದು ಸ್ವಲ್ಪವೇ ಹೊತ್ತು, ಕೈಯಲ್ಲಿ ಚೀಲ ಜಾಸ್ತಿ ಇದ್ದರೆ ಬೇಡ. ನೀರು ಎರಚಿದಾಗ ಅಂಚಿನಲ್ಲಿ ಕೂತವರು ಹಗ್ಗ ಎಳೆದು ಪ್ಲಾಸ್ಟಿಕ್ ಪರದೆ ಏರಿಸುತ್ತಾರೆ, ನೀವು ಅಂಚಿನಲ್ಲಿದ್ದರೆ ಆ ಕೆಲಸ ನಿಮ್ಮದು. ರಾತ್ರಿಗೆ ಇದನ್ನು ನಂಬಬೇಡಿ, ಬೇಗ ನಿಂತುಹೋಗುತ್ತದೆ.

ಸ್ಟೇಷನ್‌ನಿಂದ ಸೋಯಿಯ ಒಳಗೆ ಹೋಗಲು ಕಿತ್ತಳೆ ಬಣ್ಣದ ಜಾಕೆಟ್ ಹಾಕಿದ ಬೈಕಿನವರು ಸೋಯಿಯ ಬಾಯಲ್ಲೇ ನಿಂತಿರುತ್ತಾರೆ. ಬಾಡಿಗೆ ಮೊದಲೇ ಕೇಳಿ, ಹೆಲ್ಮೆಟ್ ಕೇಳಿ ಪಡೆಯಿರಿ. ದೊಡ್ಡ ರಸ್ತೆಯಲ್ಲಿ ದೂರಕ್ಕೆ ಮಾತ್ರ ಬೈಕ್ ಬೇಡ.

ಟ್ಯಾಕ್ಸಿ ಬೇಕೇ ಬೇಕು ಅಂದರೆ ಹತ್ತುವ ಮುಂಚೆ ಮೀಟರ್ ಅನ್ನಿ. ಮೀಟರ್ 35 ಬಾತ್‌ನಿಂದ ಶುರುವಾಗುತ್ತದೆ, ಎಕ್ಸ್‌ಪ್ರೆಸ್‌ವೇ ಟೋಲ್ ನೀವೇ ಕೊಡಬೇಕು. ಸುಮ್ನೆ ಒಂದು ದೊಡ್ಡ ಮೊತ್ತ ಹೇಳಿದರೆ ಜಗಳ ಬೇಡ, ಬಾಗಿಲು ಹಾಕಿ ಇನ್ನೊಂದಕ್ಕೆ ಕೈ ತೋರಿಸಿ. ವಿಳಾಸ ಥಾಯ್ ಲಿಪಿಯಲ್ಲಿ ಫೋನಿನಲ್ಲಿರಲಿ. ಸಂಜೆ ಮಳೆ ಹಿಡಿಯಿತೋ, ಟ್ಯಾಕ್ಸಿಯ ಆಸೆ ಬಿಡಿ. ಸಯಾಮ್ ಕಡೆ ಇದ್ದರೆ ಬಿಟಿಎಸ್ ಹಳಿಯ ಕೆಳಗಿನ ಸ್ಕೈವಾಕ್‌ನಲ್ಲಿ ಚಿತ್ ಲೋಮ್‌ವರೆಗೂ ರಸ್ತೆಗೆ ಇಳಿಯದೇ ನಡೆಯಬಹುದು.