ಕೊನೆಯ ಕಛೇರಿ ತಂಬೂರಿಯವರದ್ದು

ವಿದ್ಯಾರ್ಥಿಗಳ ಗಾಯನ ತಂಡವನ್ನು ಊರೂರಿಗೆ ಕರೆದೊಯ್ಯುವವರಿಗೆ ಕೊನೆಯ ದಿನವೇ ಹೆಚ್ಚು ಕಷ್ಟದ್ದು. ಗಂಟಲು ದಣಿದಿರುತ್ತದೆ, ಹಾಡುಗಳೆಲ್ಲ ಬಾಯಿಪಾಠವಾಗಿರುತ್ತವೆ, ಮನಸ್ಸು ಆಗಲೇ ಮನೆ ಸೇರಿರುತ್ತದೆ. ಸ್ವರ, ತಾಳ ತಪ್ಪುವುದಿಲ್ಲ; ಆದರೆ ಮಕ್ಕಳು ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುವುದನ್ನು ಬಿಟ್ಟಿರುತ್ತಾರೆ. ಹಾವೇರಿಯಿಂದ ಹೊರಟು ಹಾನಗಲ್ಲ, ಕುಂದಗೋಳ, ಧಾರವಾಡ, ಹುಬ್ಬಳ್ಳಿ ಮುಗಿಸಿ ಗದಗಿನಲ್ಲಿ ಮುಗಿಯುವ ಈ ಸಲದ ಪ್ರವಾಸಕ್ಕೆ ಮೊದಲೇ ಒಂದು ತೀರ್ಮಾನ ಮಾಡಿಕೊಂಡಿದ್ದೆ: ಅಷ್ಟೂ ಊರುಗಳಲ್ಲಿ ಹಿಂದೆ ಕೂತು ತಂಬೂರಿ ಮೀಟಿದವರು ಗದಗಿನಲ್ಲಿ ಮುಂದೆ ಕೂತು ಹಾಡಬೇಕು.

ತಂಬೂರಿ ಹಿಡಿದವರಷ್ಟು ಸಂಗೀತ ಕೇಳಿದವರು ತಂಡದಲ್ಲಿ ಇನ್ನಾರೂ ಇರುವುದಿಲ್ಲ. ಗಂಗೂಬಾಯಿ ಹಾನಗಲ್ಲ ಅವರ ಹಿಂದೆ ಮಗಳು ಕೃಷ್ಣಾ ಕೂತು ದನಿಗೂಡಿಸುತ್ತಿದ್ದುದನ್ನು ಕಂಡವರು ನಮ್ಮಲ್ಲಿ ಇನ್ನೂ ಇದ್ದಾರೆ. ಅದು ಬರಿಯ ಸಾಥ್ ಅಲ್ಲ, ಅದೇ ಪಾಠ.

ಹುಬ್ಬಳ್ಳಿಯಿಂದ ಬೆಳಗ್ಗೆ ಹೊರಟೆವು. ತಂಬೂರಿಗಳ ತಂತಿ ಸಡಿಲಿಸಿ, ಕೌದಿಯಲ್ಲಿ ಸುತ್ತಿ, ಕುಂಬಳದ ಭಾಗವನ್ನು ಮಕ್ಕಳ ತೊಡೆಯ ಮೇಲೆಯೇ ಇರಿಸಿದ್ದೆ. ಸಾಮಾನಿನ ಜೊತೆ ಕಟ್ಟಿದರೆ ಒಂದು ತಗ್ಗು ಸಾಕು, ಸೀಳಿಹೋಗುತ್ತದೆ. ವ್ಯಾನಿನಲ್ಲಿ ಹಾಡಬಾರದು, ಕೂಗಾಡಬಾರದು ಎಂದು ಕಟ್ಟಪ್ಪಣೆ. ಅಣ್ಣಿಗೇರಿ ದಾಟುವಾಗಲೇ ಮಿರ್ಚಿ ಬಜಿಯ ಬೇಡಿಕೆ ಬಂತು. ಅದನ್ನು ರಾತ್ರಿಗೆ ಮುಂದೂಡಿದೆ.

ಗದಗಿನಲ್ಲಿ ಮೊದಲು ಹೋದದ್ದು ವೀರೇಶ್ವರ ಪುಣ್ಯಾಶ್ರಮಕ್ಕೆ. ಪಂಚಾಕ್ಷರಿ ಗವಾಯಿಗಳು ಕಟ್ಟಿದ, ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವವರೆಗೂ ನಡೆಸಿದ ಜಾಗ. ಇಬ್ಬರಿಗೂ ಕಣ್ಣಿರಲಿಲ್ಲ, ಅವರ ಕೈಯಲ್ಲಿ ಕಲಿತವರು ಇಂದು ನಾಡಿನ ತುಂಬ ಇದ್ದಾರೆ. ಗದ್ದುಗೆಗೆ ನಮಸ್ಕರಿಸಿ ಬಂದಾಗ ಅಲ್ಲಿನ ಮಕ್ಕಳು ಅಭ್ಯಾಸಕ್ಕೆ ಕೂತಿದ್ದರು. ಒಬ್ಬ ಹುಡುಗ ಸ್ವರಾಭ್ಯಾಸದ ಒಂದೇ ಪಲಟವನ್ನು ಹೇಳುತ್ತಿದ್ದ, ಪಕ್ಕದವನು ಕತ್ತು ಓರೆ ಮಾಡಿ ಕೇಳಿಸಿಕೊಂಡು ಅದನ್ನೇ ಹಿಂತಿರುಗಿಸುತ್ತಿದ್ದ. ನಡುವೆ ಪುಸ್ತಕವಿಲ್ಲ. ನಮ್ಮವರು ಗೋಡೆಗೆ ಆತು ಕೂತರು. ಅಂದಿನ ತಾಲೀಮು ಅಷ್ಟೇ ಸಾಕೆಂದು ನಾನು ನಿರ್ಧರಿಸಿದ್ದು ಆಗಲೇ.

ಮಧ್ಯಾಹ್ನವೆಲ್ಲ ಶ್ರುತಿಯ ಕೆಲಸ. ಇಷ್ಟು ದಿನ ಮುಂದೆ ಹಾಡಿದ ಹುಡುಗಿಯದು ಕರಿ ನಾಲ್ಕು, ಎಂದರೆ ಹಾರ್ಮೋನಿಯಮ್ಮಿನ ನಾಲ್ಕನೆಯ ಕರಿ ಮನೆಯ ಶ್ರುತಿ. ತಂಬೂರಿಯ ಹುಡುಗನ ದನಿ ಈಗಷ್ಟೇ ಒಡೆದು ಕರಿ ಒಂದಕ್ಕೆ ಇಳಿದಿದೆ. ಹಾಗಾಗಿ ದೊಡ್ಡ ತಂಬೂರಿ ಬೇಕು, ಅಗಲ ಬಾಯಿಯ ತಬಲಾ ಬೇಕು. ಎರಡನ್ನೂ ಹೊರಡುವಾಗಲೇ ಕಟ್ಟಿಕೊಂಡಿದ್ದೆ.

"ಗುರುಗಳೇ, ಮೇಲೆ ತಾರ ಷಡ್ಜದಲ್ಲಿ ದನಿ ಒಡೆಯುತ್ತದೆ" ಎಂದ.

"ಅಲ್ಲಿಗೆ ಯಾಕೆ ಹೋಗುತ್ತೀ ತಮ್ಮಾ? ಕೆಳಗೆ ಮಂದ್ರದಲ್ಲಿ ಎಷ್ಟು ಜಾಗ ಇದೆ ನೋಡು."

ಬಿಸಿಲಿಗೆ ಕಟ್ಟಿಗೆ ಒಣಗಿ, ತಂತಿ ಬಿಗಿಯುವ ಬಿರಟೆ ಜಾರುತ್ತಿತ್ತು. ಬಿಚ್ಚಿ ಸೀಮೆಸುಣ್ಣ ಸವರಿ ಮತ್ತೆ ತಿರುವಿದೆವು. ಮೊದಲ ತಂತಿ ಪಂಚಮಕ್ಕೆ, ನಡುವಿನ ಎರಡು ಷಡ್ಜಕ್ಕೆ, ಕೊನೆಯದು ಕೆಳಗಿನ ಷಡ್ಜವಾದ ಖರ್ಜಕ್ಕೆ. ಖರ್ಜ ಮಾತ್ರ ಮಂಕಾಗಿಯೇ ಇತ್ತು. ಹುಡುಗ ತಾನೇ ಬಗ್ಗಿ, ತಂತಿಗಳನ್ನು ಹೊತ್ತ ಕುದುರೆಯ ಮೇಲೆ, ತಂತಿಯ ಅಡಿಗಿರುವ ಜವಾರಿ ದಾರವನ್ನು ಉಗುರಿನಿಂದ ಕೂದಲೆಳೆಯಷ್ಟು ಸರಿಸಿದ. ಮೀಟಿದ. ಇನ್ನೂ ಒಂದಿಷ್ಟು ಸರಿಸಿದ. ನಾದ ತೆರೆದುಕೊಂಡು, ಗಾಂಧಾರ ತಾನಾಗಿಯೇ ಮೇಲೆದ್ದು ಬಂತು. ಯಾರೂ ಹಾಡದ ಆ ಗಾಂಧಾರ ಕೋಣೆಯಲ್ಲಿದ್ದ ಎಲ್ಲರಿಗೂ ಕೇಳಿಸಿತು. ದಣಿದ ತಂಡಕ್ಕೆ ಇದಕ್ಕಿಂತ ಒಳ್ಳೆಯ ತಯಾರಿ ನನಗೆ ಗೊತ್ತಿಲ್ಲ.

ಸಂಜೆ ಒಂದು ಶಾಲೆಯ ಸಣ್ಣ ಸಭಾಂಗಣ. ಮೈಕು ಬೇಡವೆಂದೆ. ಬೇರೆ ಊರುಗಳಲ್ಲಿ ಯಮನ್ ರಾಗವನ್ನು ಬೇಗ ದ್ರುತ್‌ಗೆ, ವೇಗದ ಲಯಕ್ಕೆ, ಒಯ್ದು ಚಪ್ಪಾಳೆ ಗಿಟ್ಟಿಸುತ್ತಿದ್ದೆವು. ಇಲ್ಲಿ ಆ ಹುಡುಗ ಮಂದ್ರ ನಿಷಾದದಲ್ಲಿ ನಿಂತ, ಷಡ್ಜಕ್ಕೆ ಬರಲು ಆತುರಪಡಲಿಲ್ಲ. ಮುಂದಿನ ಸಾಲಿನ ಹಿರಿಯರೊಬ್ಬರು "ವಾಹ್" ಎಂದದ್ದು ಆ ನಿಷಾದಕ್ಕೆ. ಹಿಂದೆ ಕೂತ ಹುಡುಗಿಗೆ ಆರಂಭದಲ್ಲಿ ತಂಬೂರಿಯ ಮೀಟು ಒಂದೇ ಸಮ ಬರಲಿಲ್ಲ. ತಬಲಾದ ಲಯದ ಬೆನ್ನುಹತ್ತಿ ಬೆರಳು ಓಡುತ್ತಿತ್ತು. ತಂಬೂರಿಗೆ ತಾಳದ ಹಂಗಿಲ್ಲ ಎಂದು ನಾನು ನೂರು ಸಲ ಹೇಳಿದ್ದು ಅವಳಿಗೆ ಅಲ್ಲಿ ಕೈಗೆ ಸಿಕ್ಕಿತು. ಯಮನ್ ಮುಗಿಯುವ ಹೊತ್ತಿಗೆ ಅವಳು ಕಣ್ಣು ಮುಚ್ಚಿದ್ದಳು, ಬೆರಳು ನೆಮ್ಮದಿಯಾಗಿ ನಡೆದಿತ್ತು. ಆಮೇಲೆ ವಚನಗಳು, ಕೊನೆಗೆ ಎಲ್ಲರೂ ಸೇರಿ ಭೈರವಿ.

ಮಿರ್ಚಿ ಬಜಿಯ ಮಾತನ್ನು ಉಳಿಸಿಕೊಂಡೆ. ಮುಂದಿನ ಪ್ರವಾಸಕ್ಕೆ ಆ ಹುಡುಗಿ ತಂಬೂರಿ ತನಗೇ ಬೇಕೆಂದು ಕೇಳಿದ್ದಾಳೆ. ಹೊಸ ಬಿರಟೆಗಳನ್ನು ತಂಬೂರಿ ಮಾಡುವ ಊರಾದ ಮೀರಜದಿಂದ ತರಿಸಬೇಕು.