ಇಳಿವಯಸ್ಸಿನ ಡೀಪ್ ಪರ್ಪಲ್ ಅನ್ನು ಕೇಳುವ ಬಗೆ: ‘ವೂಶ್!’ ಆಲ್ಬಮ್‌ಗೊಂದು ಕೈಪಿಡಿ

ಅರ್ಧ ಶತಮಾನ ದಾಟಿದ ಹಾರ್ಡ್ ರಾಕ್ ಬ್ಯಾಂಡೊಂದು ಹೊಸ ಆಲ್ಬಮ್ ಹೊರತಂದಾಗ ಕೇಳುಗರ ಬಾಯಲ್ಲಿ ಸಾಮಾನ್ಯವಾಗಿ ಎರಡು ಮಾತುಗಳು ಬರುತ್ತವೆ. ‘ಈ ವಯಸ್ಸಿನಲ್ಲಿ ಇಷ್ಟಾದರೂ ಮಾಡಿದ್ದಾರಲ್ಲ’ ಎಂಬ ರಿಯಾಯಿತಿ ಒಂದು. ‘ಹಳೆಯ ಹಾಡುಗಳ ಮುಂದೆ ಇದು ಯಾವ ಲೆಕ್ಕ’ ಎಂಬ ತಿರಸ್ಕಾರ ಇನ್ನೊಂದು. ಎರಡನ್ನೂ ಆಲ್ಬಮ್ ಕೇಳದೆಯೇ ಹೇಳಿಬಿಡಬಹುದು ಎಂಬುದೇ ಅವುಗಳ ದೋಷ. ಇಂಥ ಆಲ್ಬಮ್ ಅನ್ನು ಕಿವಿಯಿಂದಲೇ ತೂಗುವುದು ಹೇಗೆ, ಅದರ ಮೂಲಕ ಬ್ಯಾಂಡಿನ ಪರಂಪರೆಯನ್ನು ಗುರುತಿಸುವುದು ಹೇಗೆ ಎಂಬುದನ್ನು ಇಲ್ಲಿ ಒಂದೇ ಉದಾಹರಣೆಯ ಸುತ್ತ ಹೇಳಲಾಗಿದೆ. ಇಂಗ್ಲೆಂಡಿನ ಡೀಪ್ ಪರ್ಪಲ್ ಬ್ಯಾಂಡ್ 2020ರ ಆಗಸ್ಟ್ 7ರಂದು ಬಿಡುಗಡೆ ಮಾಡಿದ ‘ವೂಶ್!’ ಆ ಉದಾಹರಣೆ. ಇದನ್ನೇ ಆರಿಸಿಕೊಳ್ಳಲು ಒಂದು ನಿರ್ದಿಷ್ಟ ಕಾರಣವಿದೆ. ಆ ಕಾರಣ ಆಲ್ಬಮ್‌ನ ಕೊನೆಯ ಭಾಗದಲ್ಲಿ ಅಡಗಿರುವುದರಿಂದ ಅಲ್ಲಿಗೆ ತಲುಪಿದಾಗಲೇ ಅದನ್ನು ಹೇಳುವುದು ಸರಿ.

ಕೇಳುವ ಮೊದಲು: ಯಾರು ಯಾವಾಗ ಇದ್ದರು

ಮೊದಲು ಬ್ಯಾಂಡಿನ ಸದಸ್ಯರ ಚರಿತ್ರೆಯನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಇದು ಒಣ ಕೆಲಸವೆನಿಸಿದರೂ ಡೀಪ್ ಪರ್ಪಲ್ ಮಟ್ಟಿಗೆ ಅನಿವಾರ್ಯ, ಏಕೆಂದರೆ ಈ ಹೆಸರಿನಡಿಯಲ್ಲಿ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಜನ ನುಡಿಸಿದ್ದಾರೆ. 1968ರಲ್ಲಿ ಬ್ಯಾಂಡ್ ಹುಟ್ಟಿದಾಗ ಗಿಟಾರಿನಲ್ಲಿ ರಿಚಿ ಬ್ಲ್ಯಾಕ್‌ಮೋರ್, ಆರ್ಗನ್‌ನಲ್ಲಿ ಜಾನ್ ಲಾರ್ಡ್, ಡ್ರಮ್ಸ್‌ನಲ್ಲಿ ಇಯಾನ್ ಪೇಸ್, ಬೇಸ್‌ನಲ್ಲಿ ನಿಕ್ ಸಿಂಪರ್, ಗಾಯಕನಾಗಿ ರಾಡ್ ಎವಾನ್ಸ್ ಇದ್ದರು. ಮರುವರ್ಷ ಎವಾನ್ಸ್ ಮತ್ತು ಸಿಂಪರ್ ಜಾಗಕ್ಕೆ ಗಾಯಕ ಇಯಾನ್ ಗಿಲ್ಲನ್ ಮತ್ತು ಬೇಸ್ ವಾದಕ ರೋಜರ್ ಗ್ಲೋವರ್ ಬಂದರು. ‘ಇನ್ ರಾಕ್’ (1970), ‘ಮಷೀನ್ ಹೆಡ್’ (1972) ಆಲ್ಬಮ್‌ಗಳು ಈ ಐವರ ಕಾಣಿಕೆ. 1973ರಲ್ಲಿ ಗಿಲ್ಲನ್ ಮತ್ತು ಗ್ಲೋವರ್ ಹೊರನಡೆದರು, 1975ರಲ್ಲಿ ಬ್ಲ್ಯಾಕ್‌ಮೋರ್ ಹೋದರು, 1976ರಲ್ಲಿ ಬ್ಯಾಂಡೇ ಮುರಿಯಿತು. 1984ರಲ್ಲಿ ಹಳೆಯ ಐವರು ಮತ್ತೆ ಸೇರಿದರು. ಬ್ಲ್ಯಾಕ್‌ಮೋರ್ 1993ರಲ್ಲಿ ಎರಡನೆಯ ಸಲ ಬಿಟ್ಟು ಹೋದ ಮೇಲೆ 1994ರಲ್ಲಿ ಅಮೆರಿಕದ ಸ್ಟೀವ್ ಮೋರ್ಸ್ ಬಂದರು. 2002ರಲ್ಲಿ ಲಾರ್ಡ್ ನಿವೃತ್ತರಾದಾಗ ಡಾನ್ ಏರಿ ಆರ್ಗನ್ ಮುಂದೆ ಕುಳಿತರು. ಲಾರ್ಡ್ 2012ರ ಜುಲೈ 16ರಂದು ತೀರಿಕೊಂಡರು.

ಈ ಪಟ್ಟಿಯಿಂದ ಎರಡು ಸಂಗತಿಗಳನ್ನು ಗುರುತು ಹಾಕಿಕೊಂಡರೆ ಸಾಕು. ಮೊದಲನೆಯದು, 1968ರಿಂದ ಇಂದಿನವರೆಗೆ ಎಲ್ಲ ಅವತಾರಗಳಲ್ಲೂ ಇದ್ದವರು ಇಯಾನ್ ಪೇಸ್ ಒಬ್ಬರೇ. ಎರಡನೆಯದು, ‘ಬದಲಿ ಗಿಟಾರಿಸ್ಟ್’ ಎಂದು ಹಲವರು ಇಂದಿಗೂ ಕರೆಯುವ ಮೋರ್ಸ್ ಬ್ಯಾಂಡಿನಲ್ಲಿ ಕಳೆದ ಅವಧಿ ಬ್ಲ್ಯಾಕ್‌ಮೋರ್ ಅವರ ಎರಡು ಅವಧಿಗಳನ್ನು ಕೂಡಿಸಿದರೂ ಅದಕ್ಕಿಂತ ಹೆಚ್ಚು. ಇಪ್ಪತ್ತೆಂಟು ವರ್ಷ ನುಡಿಸಿದವರನ್ನು ಬದಲಿ ಎನ್ನುವ ಅಭ್ಯಾಸವನ್ನು ಕೇಳಲು ಕೂರುವ ಮುನ್ನವೇ ಬಿಡುವುದು ಒಳ್ಳೆಯದು.

ಹಳೆಯದರಲ್ಲಿ ಯಾವುದನ್ನು ಕೇಳಬೇಕು

ಹೊಸದಕ್ಕೆ ಹೋಗುವ ಮೊದಲು ಹಳೆಯ ಕಾಲದ ಒಂದೇ ಒಂದು ಆಲ್ಬಮ್ ಕೇಳಿ. ಹೆಚ್ಚಿನವರು ‘ಮಷೀನ್ ಹೆಡ್’ ಎನ್ನುತ್ತಾರೆ. ಅದರ ಕಥೆಯೂ ಆಕರ್ಷಕವೇ: 1971ರ ಡಿಸೆಂಬರ್ 4ರಂದು ಸ್ವಿಟ್ಜರ್‌ಲೆಂಡಿನ ಮಾಂಟ್ರೋ ಊರಿನ ಕ್ಯಾಸಿನೊದಲ್ಲಿ ಫ್ರಾಂಕ್ ಜಪ್ಪಾ ಕಛೇರಿ ನಡೆಯುತ್ತಿದ್ದಾಗ ಪ್ರೇಕ್ಷಕನೊಬ್ಬ ಹಾರಿಸಿದ ಫ್ಲೇರ್ ಗನ್ನಿನಿಂದ ಬೆಂಕಿ ಹತ್ತಿ ಕಟ್ಟಡ ಸುಟ್ಟುಹೋಯಿತು, ಅಲ್ಲಿಯೇ ಧ್ವನಿಮುದ್ರಣ ಮಾಡಬೇಕೆಂದಿದ್ದ ಡೀಪ್ ಪರ್ಪಲ್, ಸರೋವರದ ಮೇಲೆ ಹರಡಿದ ಹೊಗೆಯನ್ನು ಕಂಡು ‘ಸ್ಮೋಕ್ ಆನ್ ದ ವಾಟರ್’ ಬರೆಯಿತು, ಖಾಲಿಯಾಗಿದ್ದ ಗ್ರ್ಯಾಂಡ್ ಹೋಟೆಲಿನ ಪಡಸಾಲೆಗಳಲ್ಲಿ ಕುಳಿತು ಆಲ್ಬಮ್ ಮುಗಿಸಿತು. ಆದರೂ ನನ್ನ ಸಲಹೆ ‘ಮೇಡ್ ಇನ್ ಜಪಾನ್’. 1972ರ ಆಗಸ್ಟ್‌ನಲ್ಲಿ ಒಸಾಕಾ ಮತ್ತು ಟೋಕಿಯೋ ಕಛೇರಿಗಳಲ್ಲಿ ಮುದ್ರಿಸಿಕೊಂಡ ಈ ಆಲ್ಬಮ್‌ನಲ್ಲಿ ಹಾಡಿಗಿಂತ ಹೆಚ್ಚಾಗಿ ಹಾಡನ್ನು ಬೆಳೆಸುವ ಪದ್ಧತಿ ಕೇಳಿಸುತ್ತದೆ. ‘ಸ್ಟ್ರೇಂಜ್ ಕೈಂಡ್ ಆಫ್ ವುಮನ್’ ಹಾಡಿನ ನಡುವೆ ಗಿಟಾರ್ ಒಂದು ಸಾಲು ನುಡಿಸಿದರೆ ಕಂಠ ಅದನ್ನೇ ಮರಳಿಸುತ್ತದೆ, ಗಿಟಾರ್ ಇನ್ನೂ ಕಠಿಣವಾದದ್ದನ್ನು ಮುಂದಿಡುತ್ತದೆ. ‘ಸ್ಪೇಸ್ ಟ್ರಕಿನ್’ ಸ್ಟುಡಿಯೋದಲ್ಲಿ ನಾಲ್ಕೂವರೆ ನಿಮಿಷದ ಹಾಡು. ಇಲ್ಲಿ ಸುಮಾರು ಇಪ್ಪತ್ತು ನಿಮಿಷ. ನಮ್ಮ ಸಂಗೀತದ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಮನೋಧರ್ಮ ಪ್ರಧಾನವಾದ ಬ್ಯಾಂಡ್.

ಇನ್ನೊಂದು ವಿಷಯವನ್ನು ಇಲ್ಲಿಯೇ ಕಿವಿಗೆ ಪರಿಚಯಿಸಿಕೊಳ್ಳಬೇಕು. ಜಾನ್ ಲಾರ್ಡ್ ತಮ್ಮ ಹ್ಯಾಮಂಡ್ ಆರ್ಗನ್ ಅನ್ನು ಗಿಟಾರಿಸ್ಟರು ಬಳಸುವ ಮಾರ್ಷಲ್ ಆಂಪ್ಲಿಫೈಯರ್ ಮೂಲಕ ಹಾಯಿಸುತ್ತಿದ್ದರು. ಇಗರ್ಜಿಗೂ ಜಾಝ್‌ಗೂ ಒಗ್ಗಿದ್ದ ಆ ವಾದ್ಯ ಅದರಿಂದಾಗಿ ಗಿಟಾರಿನಷ್ಟೇ ಒರಟಾಗಿ ಗುಡುಗಬಲ್ಲದ್ದಾಯಿತು. ಹೆಚ್ಚಿನ ಹಾರ್ಡ್ ರಾಕ್ ಬ್ಯಾಂಡ್‌ಗಳಲ್ಲಿ ಗಿಟಾರ್ ರಾಜ, ಉಳಿದವರು ಪರಿವಾರ. ಇಲ್ಲಿ ಇಬ್ಬರು ಸಮಬಲರ ಸಂವಾದವಿದೆ. ಈ ಬ್ಯಾಂಡಿನ ಪರಂಪರೆ ಎಂದರೆ ‘ಸ್ಮೋಕ್ ಆನ್ ದ ವಾಟರ್’ನ ಪ್ರಸಿದ್ಧ ರಿಫ್, ಅಂದರೆ ಮತ್ತೆ ಮತ್ತೆ ಬರುವ ಆ ಪುಟ್ಟ ಗಿಟಾರ್ ಸಾಲು, ಎಂದು ಜಗತ್ತು ನಂಬಿದೆ. ನನ್ನ ದೃಷ್ಟಿಯಲ್ಲಿ ಆ ಸಂವಾದವೇ ಪರಂಪರೆ, ಮತ್ತು ಅದು ವ್ಯಕ್ತಿಗಳು ಬದಲಾದರೂ ಮುಂದುವರಿಯಿತೇ ಎಂಬುದೇ ‘ವೂಶ್!’ ಕೇಳುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ.

ಮೊದಲ ಕೇಳ್ಮೆ: ಅಡೆತಡೆಯಿಲ್ಲದೆ, ಕ್ರಮ ತಪ್ಪದೆ

ಆಲ್ಬಮ್‌ನಲ್ಲಿ ಹದಿಮೂರು ಹಾಡುಗಳಿವೆ, ಒಟ್ಟು ಅವಧಿ ಸುಮಾರು 50 ನಿಮಿಷ. ಒಂದೇ ಸಲಕ್ಕೆ ಕುಳಿತು ಕೇಳಿ ಮುಗಿಸಿ. ಮೊಬೈಲಿನ ಆ್ಯಪ್‌ನಲ್ಲಿ ಕೇಳುವವರು ಹಾಡುಗಳನ್ನು ಹಿಂದೆಮುಂದೆ ಮಾಡುವ ಷಫಲ್ ಸೌಲಭ್ಯವನ್ನು ಮರೆಯದೆ ನಿಲ್ಲಿಸಬೇಕು. ಕ್ರಮಕ್ಕೆ ಇಲ್ಲಿ ಅರ್ಥವಿದೆ: ‘ರಿಮಿಷನ್ ಪಾಸಿಬಲ್’ ಎಂಬ ಪುಟ್ಟ ವಾದ್ಯಸಂಗೀತದ ತುಣುಕು ಮುಂದಿನ ‘ಮ್ಯಾನ್ ಅಲೈವ್’ ಹಾಡಿಗೆ ಬಾಗಿಲು ತೆರೆಯುವಂತೆ ಬರುತ್ತದೆ, ಅದನ್ನು ಪ್ರತ್ಯೇಕವಾಗಿ ಕೇಳಿದರೆ ಅರ್ಧಕ್ಕೆ ನಿಂತಂತೆ ತೋರುತ್ತದೆ. ಶೀರ್ಷಿಕೆಯ ಪದ ಸುಯ್ಯೆಂದು ಏನೋ ಹಾದುಹೋದ ಸದ್ದಿನ ಅನುಕರಣ. ಮನುಷ್ಯಕುಲದ ಕ್ಷಣಿಕತೆಯನ್ನೂ ಡೀಪ್ ಪರ್ಪಲ್‌ನ ಪಯಣವನ್ನೂ ಅದು ಒಟ್ಟಿಗೆ ಸೂಚಿಸುತ್ತದೆ ಎಂದು ಗಿಲ್ಲನ್ ವಿವರಿಸಿದ್ದರು. ಅದನ್ನು ನೆನಪಿಟ್ಟುಕೊಂಡರೆ ಮುಖಪುಟದಲ್ಲಿ ಕಣಕಣವಾಗಿ ಕರಗುತ್ತಿರುವ ಗಗನಯಾತ್ರಿಯ ಚಿತ್ರ ಅಲಂಕಾರವಾಗಿ ಉಳಿಯುವುದಿಲ್ಲ. ಈ ಹಂತದಲ್ಲಿ ಟಿಪ್ಪಣಿ ಬರೆಯಬೇಡಿ, ಹೋಲಿಸಬೇಡಿ.

ಎರಡನೆಯ ಕೇಳ್ಮೆ: ಒಂದೊಂದೇ ವಾದ್ಯದ ಬೆನ್ನು ಹತ್ತಿ

ಎರಡನೆಯ ಸಲ ಹೆಡ್‌ಫೋನ್ ಹಾಕಿಕೊಂಡು ಆರ್ಗನ್ ಅನ್ನು ಮಾತ್ರ ಹಿಂಬಾಲಿಸಿ. ಡಾನ್ ಏರಿ ಹೊಸಬರೇನಲ್ಲ. ಬ್ಲ್ಯಾಕ್‌ಮೋರ್ ಕಟ್ಟಿದ ರೇನ್‌ಬೋ ಬ್ಯಾಂಡಿನಲ್ಲಿ 1979ರ ಹೊತ್ತಿಗೇ ನುಡಿಸಿದ್ದವರು. ಲಾರ್ಡ್ ಅವರ ಒರಟು ನಾದವನ್ನು ಉಳಿಸಿಕೊಂಡೂ ಅವರು ಲಾರ್ಡ್ ಅವರ ನಕಲಾಗುವುದಿಲ್ಲ. ಇದನ್ನು ತಿಳಿಯಲು ‘ನಥಿಂಗ್ ಅಟ್ ಆಲ್’ ಹಾಡು ಸಾಕು: ಗಿಟಾರ್ ಮತ್ತು ಆರ್ಗನ್ ಪುಟ್ಟ ಪುಟ್ಟ ಸಾಲುಗಳನ್ನು ಒಂದರ ಕೈಯಿಂದ ಇನ್ನೊಂದು ತೆಗೆದುಕೊಳ್ಳುತ್ತ, ಬಾಕ್‌ನ ಕಾಲದ ಯುರೋಪಿನ ಶಾಸ್ತ್ರೀಯ ಸಂಗೀತವನ್ನು ನೆನಪಿಸುವ ಜಾಡಿನಲ್ಲಿ ಸಾಗುತ್ತವೆ. 1969ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಾಯಲ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದ ಜೊತೆ ಲಾರ್ಡ್ ರಚಿಸಿದ ಕಾನ್ಸೆರ್ಟೋ ನುಡಿಸಿದ್ದ ಬ್ಯಾಂಡ್ ಇದು ಎಂಬುದು ಆಗ ತಾನಾಗಿಯೇ ನೆನಪಾಗುತ್ತದೆ. ಗದ್ದಲವಿಲ್ಲದೆ, ಎಲ್ಲಿಯೂ ‘ನೋಡಿ, ನಮ್ಮ ಹಿಂದಿನ ವೈಭವ’ ಎನ್ನದೆ ಈ ನೆನಪು ಬರುವುದರಲ್ಲಿ ಹಾಡಿನ ಹೆಚ್ಚುಗಾರಿಕೆಯಿದೆ.

ಮತ್ತೊಮ್ಮೆ ಕೇಳುವಾಗ ಡ್ರಮ್ಸ್ ಕಡೆಗೆ ಗಮನವಿಡಿ. ಪೇಸ್ ಎಡಗೈ ವಾದಕರು. 2016ರಲ್ಲಿ ಲಘು ಪಾರ್ಶ್ವವಾಯುವಿಗೆ ತುತ್ತಾಗಿ ಚೇತರಿಸಿಕೊಂಡವರು. ಅವರ ಪೆಟ್ಟುಗಳ ಬಿರುಸನ್ನು 1972ರ ಬಿರುಸಿನ ಜೊತೆ ಅಳೆಯಲು ಹೋದರೆ ಏನೂ ದಕ್ಕದು. ಪ್ರಧಾನ ಪೆಟ್ಟುಗಳ ನಡುವೆ ಮೆಲ್ಲಗೆ ಬೀಳುವ ಸಣ್ಣ ಪೆಟ್ಟುಗಳನ್ನು ಹುಡುಕಿ. ಜಾಝ್ ಡ್ರಮ್ಮರ್‌ಗಳಿಂದ ಬಂದ ಆ ತೂಗಾಟ ಮೊದಲ ದಿನದಿಂದಲೂ ಬ್ಯಾಂಡಿನ ನಡಿಗೆಯನ್ನು ನಿರ್ಧರಿಸಿದೆ, ಇಲ್ಲಿಯೂ ಇದೆ.

ಗಾಯನದ ವಿಷಯದಲ್ಲಿ ಮಾತ್ರ ಪ್ರಾಮಾಣಿಕವಾಗಿರಬೇಕು. ಆಲ್ಬಮ್ ಬಂದಾಗ ಗಿಲ್ಲನ್‌ಗೆ 75 ತುಂಬಲು ಹನ್ನೆರಡು ದಿನ ಬಾಕಿ. ‘ಚೈಲ್ಡ್ ಇನ್ ಟೈಮ್’ ಹಾಡಿನಲ್ಲಿ ತಾರಸ್ಥಾಯಿಯ ತುದಿ ಮುಟ್ಟಿದ್ದ ಆ ಕಂಠ ಈಗಿಲ್ಲ, ಆ ಹಾಡನ್ನು ವೇದಿಕೆಯಲ್ಲಿ ಹಾಡುವುದನ್ನು ಅವರು ಬಹಳ ಹಿಂದೆಯೇ ಬಿಟ್ಟಿದ್ದಾರೆ. ಮಧ್ಯಸ್ಥಾಯಿಯಲ್ಲಿ, ಅರ್ಧ ಮಾತಿನಂತೆ, ಚೇಷ್ಟೆ ಬೆರೆತ ಧಾಟಿಯಲ್ಲಿ ಹಾಡುವುದನ್ನು ಅವರು ಈಗ ರೂಢಿಸಿಕೊಂಡಿದ್ದಾರೆ. ಕೆಲವು ಹಾಡುಗಳಲ್ಲಿ ಇದು ಚೆನ್ನಾಗಿ ಒಪ್ಪುತ್ತದೆ. ಎತ್ತರವನ್ನು ಬೇಡುವ ಕೆಲವು ಕಡೆ ಕಂಠದ ಮೇಲೆ ಕಂಠವನ್ನು ಪೇರಿಸಿ ಧ್ವನಿಮುದ್ರಿಸಿದ್ದು ಕಿವಿಗೆ ತಿಳಿಯುತ್ತದೆ. ಕೊರತೆಯನ್ನು ಕೊರತೆಯೆಂದೇ ಗುರುತಿಸಿ, ಅದರ ಸುತ್ತ ಹಾಡನ್ನು ಹೇಗೆ ಕಟ್ಟಿದ್ದಾರೆ ಎಂಬುದನ್ನು ಗಮನಿಸುವುದು ನ್ಯಾಯವಾದ ಕ್ರಮ.

ನಿರ್ಮಾಪಕನ ಕೈಯನ್ನು ಗುರುತಿಸುವುದು

ಹಿರಿಯ ಬ್ಯಾಂಡಿನ ಆಲ್ಬಮ್‌ನಲ್ಲಿ ನಿರ್ಮಾಪಕ, ಅಂದರೆ ಸ್ಟುಡಿಯೋದಲ್ಲಿ ಧ್ವನಿಮುದ್ರಣಕ್ಕೆ ದಾರಿ ತೋರುವವರು, ಯಾರು ಎಂಬುದನ್ನು ತಪ್ಪದೆ ನೋಡಿ. 2013ರಲ್ಲಿ ಇಬ್ಬರು ದೊಡ್ಡ ನಿರ್ಮಾಪಕರು ಹೆಚ್ಚುಕಡಿಮೆ ಒಂದೇ ಸಮಸ್ಯೆಗೆ ಬೇರೆ ಬೇರೆ ಉತ್ತರ ಕೊಟ್ಟರು. ಬ್ಲ್ಯಾಕ್ ಸ್ಯಾಬತ್ ಬ್ಯಾಂಡಿನ ‘13’ ಆಲ್ಬಮ್ ನಿರ್ಮಿಸಿದ ರಿಕ್ ರೂಬಿನ್, ಸದಸ್ಯರನ್ನು ಅವರದೇ ಮೊದಲ ಆಲ್ಬಮ್‌ನ ನಾದಕ್ಕೆ ಮರಳಲು ಪ್ರೇರೇಪಿಸಿದರು. ಅದೇ ವರ್ಷ ಡೀಪ್ ಪರ್ಪಲ್‌ನ ‘ನೌ ವಾಟ್?!’ ನಿರ್ಮಿಸಿದ ಬಾಬ್ ಎಝ್ರಿನ್, ಪಿಂಕ್ ಫ್ಲಾಯ್ಡ್ ಮತ್ತು ಆಲಿಸ್ ಕೂಪರ್ ಜೊತೆ ಕೆಲಸ ಮಾಡಿದ್ದವರು, ವೇದಿಕೆಯ ಮೇಲೆ ನೀವು ಹೇಗೆ ವಿಸ್ತರಿಸಿ ನುಡಿಸುತ್ತೀರೋ ಸ್ಟುಡಿಯೋದಲ್ಲೂ ಹಾಗೆಯೇ ನುಡಿಸಿ ಎಂಬ ದಾರಿ ಹಿಡಿದರು. ಮೊದಲನೆಯ ದಾರಿ ಹಳೆಯ ನಾದವನ್ನು ಮರಳಿ ತರುತ್ತದೆ, ಎರಡನೆಯದು ಹಳೆಯ ಅಭ್ಯಾಸವನ್ನು. ನನಗೆ ಎರಡನೆಯದೇ ಹೆಚ್ಚು ಬಾಳಿಕೆಯದೆನಿಸುತ್ತದೆ: ಲಾರ್ಡ್ ಅವರಿಗೆ ಅರ್ಪಿಸಿದ ಆ ಆಲ್ಬಮ್ ಆದ ಮೇಲೆ ‘ಇನ್‌ಫಿನಿಟ್’ (2017), ‘ವೂಶ್!’ ಎರಡನ್ನೂ ಎಝ್ರಿನ್ ಅವರೇ ನಿರ್ಮಿಸಿದರು, ಮೂರೂ ಜರ್ಮನಿಯ ಆಲ್ಬಮ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದವು.

ಹನ್ನೆರಡನೆಯ ಹಾಡು

ಈಗ ಆರಂಭದಲ್ಲಿ ಹೇಳಿದ ಕಾರಣಕ್ಕೆ ಬರೋಣ. ‘ವೂಶ್!’ ಆಲ್ಬಮ್‌ನ ಹನ್ನೆರಡನೆಯದು ‘ಆ್ಯಂಡ್ ದ ಅಡ್ರೆಸ್’ ಎಂಬ ವಾದ್ಯಸಂಗೀತ. ಬ್ಲ್ಯಾಕ್‌ಮೋರ್ ಮತ್ತು ಲಾರ್ಡ್ ರಚಿಸಿದ ಇದು 1968ರ ಮೊಟ್ಟಮೊದಲ ಆಲ್ಬಮ್ ‘ಶೇಡ್ಸ್ ಆಫ್ ಡೀಪ್ ಪರ್ಪಲ್’ನ ಮೊದಲ ತುಣುಕಾಗಿತ್ತು. ಅಂದು ನುಡಿಸಿದವರು ಬ್ಲ್ಯಾಕ್‌ಮೋರ್, ಲಾರ್ಡ್, ಸಿಂಪರ್, ಪೇಸ್. 52 ವರ್ಷದ ನಂತರ ನುಡಿಸಿದವರು ಮೋರ್ಸ್, ಏರಿ, ಗ್ಲೋವರ್, ಪೇಸ್. ಎರಡರಲ್ಲೂ ಇರುವ ಕೈಗಳು ಒಬ್ಬರವು ಮಾತ್ರ.

ಎರಡನ್ನೂ ಒಂದರ ಹಿಂದೊಂದು ಕೇಳಿ: ಮೊದಲು 1968ರದು, ಆಮೇಲೆ 2020ರದು, ಮತ್ತೆ 1968ರದು. ಹಳೆಯದು ಆರ್ಗನ್‌ನ ನೀಳವಾದ ಮೊರೆತದಿಂದ ನಿಧಾನವಾಗಿ ಏಳುತ್ತದೆ, ಆಮೇಲೆ ರಿಫ್ ಬೀಳುತ್ತದೆ. ಹೊಸದು ಸುಮಾರು ಒಂದು ನಿಮಿಷ ಚಿಕ್ಕದು. ಹಳೆಯದರಲ್ಲಿ ತಮ್ಮನ್ನು ತೋರಿಸಿಕೊಳ್ಳುವ ಯುವಕರ ಆತುರವಿದೆ, ಧ್ವನಿಮುದ್ರಣ ಇಕ್ಕಟ್ಟಾಗಿದೆ. ಹೊಸದರಲ್ಲಿ ಪ್ರತಿ ವಾದ್ಯಕ್ಕೂ ಉಸಿರಾಡಲು ಜಾಗವಿದೆ, ಆದರೆ ಆ ಮೊದಲ ಮೊರೆತದ ಅಪಾಯದ ಸುಳಿವು ಕಡಿಮೆಯಾಗಿದೆ ಎಂದು ನನಗನಿಸುತ್ತದೆ. ನಿಮಗೆ ಬೇರೆಯಾಗಿ ಕೇಳಿಸಬಹುದು. ಮುಖ್ಯವಾದ ಮಾತೆಂದರೆ ಗಿಟಾರ್ ಮತ್ತು ಆರ್ಗನ್ ಒಂದೇ ಸಾಲನ್ನು ಹೆಗಲುಕೊಟ್ಟು ಹೊರುವ ಕ್ರಮ ಎರಡರಲ್ಲೂ ಒಂದೇ. ರಚಿಸಿದ ಇಬ್ಬರೂ ಇಲ್ಲದೆ ಅದು ನಡೆಯಿತು. ಮೂರು ಸಲ ಕೇಳಿದ ಮೇಲೆ ಪೇಸ್ ಅವರ ಡ್ರಮ್ಸ್‌ಗಾಗಿಯೇ ನಾಲ್ಕನೆಯ ಸಲ ಕೇಳುವುದು ವ್ಯರ್ಥವಾಗದು.

ಪರಂಪರೆಯನ್ನು ಅಳೆಯುವಾಗ

ಪ್ರಶಸ್ತಿಗಳನ್ನು ಅಳತೆಗೋಲಾಗಿ ಬಳಸುವಾಗ ಎಚ್ಚರವಿರಲಿ. ಅಮೆರಿಕದ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್ ಗೌರವಕ್ಕೆ ಮೊದಲ ಧ್ವನಿಮುದ್ರಿಕೆ ಬಂದು 25 ವರ್ಷವಾದರೆ ಅರ್ಹತೆ ಸಿಗುತ್ತದೆ. ಡೀಪ್ ಪರ್ಪಲ್‌ಗೆ ಅದು ಸಂದದ್ದು 2016ರಲ್ಲಿ. ಅಂದು ಅವರನ್ನು ಸಭೆಗೆ ಪರಿಚಯಿಸಿದ ಮೆಟಾಲಿಕಾದ ಡ್ರಮ್ಮರ್ ಲಾರ್ಸ್ ಉಲ್ರಿಕ್, ಒಂಬತ್ತರ ಹುಡುಗನಾಗಿದ್ದಾಗ 1973ರಲ್ಲಿ ಕೋಪನ್‌ಹೇಗನ್‌ನಲ್ಲಿ ಇವರ ಕಛೇರಿ ಕಂಡವರು. ಪ್ರಭಾವಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ. ಆದರೆ ಗೌರವ ಪಡೆದ ಎಂಟು ಸದಸ್ಯರಲ್ಲಿ ಆ ಹೊತ್ತಿಗೆ 22 ವರ್ಷ ನುಡಿಸಿದ್ದ ಮೋರ್ಸ್ ಇರಲಿಲ್ಲ, 14 ವರ್ಷ ನುಡಿಸಿದ್ದ ಏರಿಯೂ ಇರಲಿಲ್ಲ. ಸಂಸ್ಥೆಯ ಲೆಕ್ಕದಲ್ಲಿ ಪರಂಪರೆ 1970ರ ದಶಕದಲ್ಲೇ ಮುಗಿದಿತ್ತು. ‘ನಥಿಂಗ್ ಅಟ್ ಆಲ್’ ಕೇಳಿದ ಕಿವಿ ಆ ಲೆಕ್ಕವನ್ನು ಒಪ್ಪಬೇಕಾಗಿಲ್ಲ.

ಇಷ್ಟಾದ ಮೇಲೆ ಒಂದು ಪರೀಕ್ಷೆ ಉಳಿಯುತ್ತದೆ. ಮೋರ್ಸ್ 2022ರಲ್ಲಿ ಪತ್ನಿಯ ಅನಾರೋಗ್ಯದ ಕಾರಣ ಬ್ಯಾಂಡ್ ಬಿಟ್ಟರು, ಉತ್ತರ ಐರ್ಲೆಂಡಿನ ಸೈಮನ್ ಮೆಕ್‌ಬ್ರೈಡ್ ಬಂದರು. ‘ಮಷೀನ್ ಹೆಡ್’ ಬಿಡುಗಡೆಯಾಗಿ ಏಳು ವರ್ಷವಾದ ಮೇಲೆ ಹುಟ್ಟಿದವರು ಇವರು. ಇವರ ಜೊತೆ ಬ್ಯಾಂಡ್ 2024ರ ಜುಲೈ 19ರಂದು ‘=1’ ಆಲ್ಬಮ್ ಹೊರತಂದಿತು. ಅದರ ಮೊದಲ ಹಾಡು ‘ಷೋ ಮಿ’. ಎರಡನೆಯ ಕೇಳ್ಮೆಯ ಕ್ರಮವನ್ನೇ ಅದಕ್ಕೂ ಅನ್ವಯಿಸಿ: ಹೆಡ್‌ಫೋನ್ ಹಾಕಿಕೊಂಡು, ಗಿಟಾರನ್ನು ಬದಿಗಿಟ್ಟು, ಮೊದಲು ಆರ್ಗನ್‌ನಿಂದ ಆರಂಭಿಸಿ.